ಅಂತರ್ಯುದ್ಧದ ಮೂಲ ಕಾರಣಗಳನ್ನು ಹುಡುಕುವ ಕ್ರಮ: ಕರಾವಳಿಯ ವಿದ್ಯಾರ್ಥಿಗಳಿಗಾಗಿ

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಅಥವಾ ಇತಿಹಾಸ ಓದುವವರು ಸೆಮಿನಾರಿಗೆ ಆರಿಸಿಕೊಳ್ಳುವ ವಿಷಯಗಳಲ್ಲಿ ಅಂತರ್ಯುದ್ಧ ಇದ್ದೇ ಇರುತ್ತದೆ. ದೇಶ ಸುಡಾನ್ ಆಗಿರಲಿ, ಸಿರಿಯಾ ಆಗಿರಲಿ, ಶ್ರೀಲಂಕಾ ಆಗಿರಲಿ, ಒಪ್ಪಿಸುವ ಪ್ರಬಂಧದ ಮೊದಲ ಪುಟ ಮಾತ್ರ ಬದಲಾಗುವುದಿಲ್ಲ: ಅಲ್ಲಿ ಎರಡು ಜನಾಂಗಗಳಿವೆ, ಅವುಗಳ ನಡುವೆ ತಲೆತಲಾಂತರದ ಹಗೆಯಿದೆ, ಹಾಗಾಗಿ ಯುದ್ಧ ನಡೆಯಿತು. ಇದು ಪತ್ರಿಕೆಯ ತಲೆಬರಹಕ್ಕೆ ಸಾಕಾಗಬಹುದು, ಅಧ್ಯಯನಕ್ಕೆ ಸಾಲದು. ಹಳೆಯ ಮುನಿಸುಗಳ ಸಮೇತ ಹತ್ತಾರು ಜನಾಂಗಗಳು ಒಂದೇ ದೇಶದಲ್ಲಿ ಬಾಳುತ್ತಿರುವ ಉದಾಹರಣೆಗಳು ಜಗತ್ತಿನ ತುಂಬ ಇವೆ. ಅವುಗಳಲ್ಲಿ ಬಹುಪಾಲು ಕಡೆ ಯುದ್ಧ ನಡೆದೇ ಇಲ್ಲ. ಜನ ಯಾವ ಗೆರೆಯ ಮೇಲೆ ಇಬ್ಭಾಗವಾದರು ಎಂಬುದನ್ನು ಹೇಳಿದ ಮಾತ್ರಕ್ಕೆ ಯಾಕೆ ಇಬ್ಭಾಗವಾದರು, ಯಾಕೆ ಅದೇ ವರ್ಷ ಆದರು, ನೆರೆಯ ದೇಶದವರು ಯಾಕೆ ಆಗಲಿಲ್ಲ ಎಂಬುದನ್ನು ಹೇಳಿದಂತಾಗುವುದಿಲ್ಲ. ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು, ಉತ್ತರಗಳನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಂದೇ ಯುದ್ಧವನ್ನು ಆರಿಸಿಕೊಳ್ಳಿ

'ಆಧುನಿಕ ಅಂತರ್ಯುದ್ಧಗಳ ಕಾರಣಗಳು' ಎಂಬ ಶೀರ್ಷಿಕೆಯಡಿ ಇಪ್ಪತ್ತು ಪುಟಗಳಲ್ಲಿ ಏನನ್ನಾದರೂ ಸರಿಯಾಗಿ ಹೇಳುವುದು ಅನುಭವಿ ಸಂಶೋಧಕರಿಗೂ ಕಷ್ಟ. ಒಂದು ಯುದ್ಧವನ್ನು ಕೈಗೆತ್ತಿಕೊಂಡು ಅದರ ಬುಡದವರೆಗೆ ಹೋಗಿ. ಉಳಿದ ಯುದ್ಧಗಳು ಹೋಲಿಕೆಗೆ ಬಂದುಹೋಗಲಿ. ಆರಿಸಿಕೊಂಡದ್ದು ನಿಜಕ್ಕೂ ಅಂತರ್ಯುದ್ಧವೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಯೋಜನೆಯವರು, ಸರ್ಕಾರವೇ ಒಂದು ಪಕ್ಷವಾಗಿದ್ದು, ಅಧಿಕಾರಕ್ಕಾಗಿ ಅಥವಾ ಭೂಪ್ರದೇಶಕ್ಕಾಗಿ ನಡೆದ ಹೋರಾಟದಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 25 ಮಂದಿ ಕಾಳಗದಿಂದ ಸತ್ತಿದ್ದರೆ ಅದನ್ನು ಸಶಸ್ತ್ರ ಸಂಘರ್ಷವೆಂದೂ, 1,000 ಮಂದಿ ಸತ್ತಿದ್ದರೆ ಯುದ್ಧವೆಂದೂ ಲೆಕ್ಕ ಹಿಡಿಯುತ್ತಾರೆ. ಕೋಮುಗಲಭೆ, ಹತ್ಯಾಕಾಂಡ, ಸೇನಾ ಕ್ಷಿಪ್ರಕ್ರಾಂತಿ ಇವೆಲ್ಲ ಬೇರೆ ಬೇರೆ ಸಂಗತಿಗಳು. ಅವು ಅಂತರ್ಯುದ್ಧದೊಳಗೆ ಬರಬಹುದು, ಅದಕ್ಕೆ ದಾರಿಯನ್ನೂ ಮಾಡಿಕೊಡಬಹುದು, ಆದರೆ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಕಾರಣಗಳು ಕಲಸಿಹೋಗುತ್ತವೆ. ಉಪ್ಸಲಾದ ದತ್ತಾಂಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗಿಯೇ ನೋಡಬೇಕೆಂದಿಲ್ಲ, ಮೊಬೈಲಿನಲ್ಲೇ ನೋಡಬಹುದು.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಅಂದರೆ ಕೋತ್ ದಿವ್ವಾರ್. ಅದಕ್ಕೆ ಕಾರಣ ಗೇರುಬೀಜ. ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲದೆ ಆಫ್ರಿಕಾದಿಂದ ಕಚ್ಚಾ ಬೀಜ ಬರುತ್ತದೆ. ಮೊದಲು ಮೊಜಾಂಬಿಕ್, ತಾಂಜಾನಿಯಾಗಳಿಂದ ಹೆಚ್ಚು ಬರುತ್ತಿತ್ತು. ಈಚಿನ ದಶಕಗಳಲ್ಲಿ ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವುಗಳ ಪಾಲು ದೊಡ್ಡದು. ಮೊಜಾಂಬಿಕ್ 1977ರಿಂದ 1992ರವರೆಗೆ, ಗಿನಿ ಬಿಸಾವು 1998–99ರಲ್ಲಿ, ಐವರಿ ಕೋಸ್ಟ್ 2002ರಿಂದ 2007ರವರೆಗೆ ಮತ್ತು ಪುನಃ 2010–11ರಲ್ಲಿ ಒಳಯುದ್ಧ ಕಂಡ ದೇಶಗಳು. ಕಾರ್ಖಾನೆಯ ಅಂಗಳದಲ್ಲಿ ಒಣಹಾಕಿದ ಬೀಜದ ಮೂಲ ಊರುಗಳ ಪಟ್ಟಿ ಹೀಗೆ ಬಹುಮಟ್ಟಿಗೆ ಯುದ್ಧಗಳ ಪಟ್ಟಿಯೂ ಆಗಿದೆ. ಆ ದೇಶಗಳ ಬಗ್ಗೆ ಪ್ರತ್ಯಕ್ಷವಾಗಿ ಮಾತಾಡಬಲ್ಲ ವ್ಯಾಪಾರಿಗಳು ನಮ್ಮ ನಡುವೆಯೇ ಇರುವುದು ಇನ್ನೊಂದು ಅನುಕೂಲ. ಸುಡಾನಿನ ವಿಷಯದಲ್ಲಿ ಇಷ್ಟು ಸುಲಭವಿಲ್ಲ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸಿಲುಕಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರನ್ನು ಆಪರೇಷನ್ ಕಾವೇರಿಯ ಮೂಲಕ ಕರೆತಂದಾಗ ನಮ್ಮ ಪತ್ರಿಕೆಗಳು ಪಾರುಗಾಣಿಕೆಯ ಬಗ್ಗೆ ಪುಟಗಟ್ಟಲೆ ಬರೆದವು. ಯುದ್ಧ ಯಾಕೆ ಹತ್ತಿತು ಎಂಬುದಕ್ಕೆ ಸಿಕ್ಕಿದ್ದು ಒಂದೆರಡು ಸಾಲು.

ಕಾಲಾನುಕ್ರಮವನ್ನು ಹಿಂದುಮುಂದಾಗಿ ಬರೆಯಿರಿ

ಉದ್ದನೆಯ ಒಂದು ಹಾಳೆ ತೆಗೆದುಕೊಂಡು, ಮೊದಲ ಗುಂಡು ಹಾರಿದ ದಿನವನ್ನು ಮೇಲ್ತುದಿಯಲ್ಲಿ ಬರೆದು, ಅಲ್ಲಿಂದ ಹಿಂದಕ್ಕೆ ಇಳಿಯುತ್ತಾ ಹೋಗಿ. ಪ್ರತಿ ಹಂತದಲ್ಲೂ ಕೇಳಬೇಕಾದುದು ಒಂದೇ ಪ್ರಶ್ನೆ: ಇದು ನಡೆಯದಿದ್ದರೆ ಇದರ ಮೇಲಿನದು ನಡೆಯುತ್ತಿತ್ತೇ? ದೇಶದ ಹುಟ್ಟಿನಿಂದ ಆರಂಭಿಸಿ ಮುಂದಕ್ಕೆ ಬರೆದುಕೊಂಡು ಬಂದರೆ ಎಲ್ಲವೂ ವಿಧಿಲಿಖಿತದಂತೆ ಯುದ್ಧದ ಕಡೆಗೇ ಹರಿದು ಬಂದಂತೆ ಕಾಣುತ್ತದೆ. ಹಿಂದಕ್ಕೆ ಇಳಿದರೆ ಮಾತ್ರ ಎಲ್ಲೆಲ್ಲಿ ದಾರಿ ಕವಲೊಡೆದಿತ್ತು, ಯಾರು ಯಾವ ಕವಲನ್ನು ಹಿಡಿದರು ಎಂಬುದು ತಿಳಿಯುತ್ತದೆ.

ಐವರಿ ಕೋಸ್ಟಿನ ಹಾಳೆಯ ತಲೆಯಲ್ಲಿ 2002ರ ಸೆಪ್ಟೆಂಬರ್ 19 ಇರುತ್ತದೆ. ಅಂದು ಅಬಿಜಾನ್, ಬುವಾಕೆ, ಕೊರೊಗೊ ನಗರಗಳಲ್ಲಿ ಸೈನಿಕರು ಬಂಡೆದ್ದರು. ದೇಶದ ದೊಡ್ಡ ನಗರವಾದ ಅಬಿಜಾನ್ ಅವರ ಕೈಗೆ ಸಿಗಲಿಲ್ಲ, ಉತ್ತರಾರ್ಧ ಸಿಕ್ಕಿತು. ಬಂಡೆದ್ದವರಲ್ಲಿ ಅನೇಕರು ಜನರಲ್ ರಾಬರ್ಟ್ ಗೇಯ್ ಆಳ್ವಿಕೆಯಲ್ಲಿ ಸೇನೆಗೆ ಸೇರಿ, ಈಗ ಮನೆಗೆ ಕಳುಹಿಸುವ ಪಟ್ಟಿಯಲ್ಲಿದ್ದವರು. ಕೆಲಸ ಕಳೆದುಕೊಳ್ಳಲಿದ್ದ ಸೈನಿಕರ ಅಸಮಾಧಾನ ಇಡೀ ಉತ್ತರ ಭಾಗದ ಬಂಡಾಯವಾಗಿ ಬೆಳೆದದ್ದು ಯಾಕೆ ಎಂದು ಕೇಳಿದರೆ ಹಾಳೆಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಉತ್ತರದ ನಾಯಕ ಅಲಸಾನ್ ಉವತಾರಾ ಸ್ಪರ್ಧಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತ್ತು; ಅವರ ರಾಷ್ಟ್ರೀಯತೆಯೇ ಸಂದೇಹಾಸ್ಪದ ಎಂಬುದು ಅದರ ಹಿಂದಿನ ವಾದ. ಅದಕ್ಕೂ ಕೆಳಗೆ 1999ರ ಡಿಸೆಂಬರಿನ ಸೇನಾ ಕ್ಷಿಪ್ರಕ್ರಾಂತಿ; ಗೇಯ್ ಅಧಿಕಾರ ಹಿಡಿದದ್ದು ಆಗಲೇ. ಅದಕ್ಕೂ ಕೆಳಗೆ ಗ್ರಾಮೀಣ ಜಮೀನಿನ ಒಡೆತನವನ್ನು ದೇಶದ ಪೌರರಿಗಷ್ಟೇ ಸೀಮಿತಗೊಳಿಸಿದ 1998ರ ಕಾನೂನು. ಅದಕ್ಕೂ ಕೆಳಗೆ, ಅಭ್ಯರ್ಥಿಯ ತಂದೆತಾಯಿ ಇಬ್ಬರೂ ಹುಟ್ಟಿನಿಂದ ಐವರಿಯನ್ನರಾಗಿರಬೇಕೆಂಬ 1994ರ ಚುನಾವಣಾ ಸಂಹಿತೆ. ಅಧ್ಯಕ್ಷ ಬೆದಿಯೆ ಇದನ್ನು ತಂದದ್ದು ಮುಂದಿನ ವರ್ಷದ ಚುನಾವಣೆಯನ್ನು ಕಣ್ಣಮುಂದಿಟ್ಟುಕೊಂಡು. 33 ವರ್ಷ ಆಳಿದ ಮೊದಲ ಅಧ್ಯಕ್ಷ ಉಫುವೆ ಬುವಾನಿ ತೀರಿಕೊಂಡದ್ದು 1993ರ ಡಿಸೆಂಬರಿನಲ್ಲಿ. ಅವರು ಬದುಕಿದ್ದಾಗಲೇ, 1989ರಲ್ಲಿ, ಸರ್ಕಾರ ಕೊಕ್ಕೋ ಬೆಳೆಗಾರರಿಗೆ ಕೊಡುತ್ತಿದ್ದ ಖಾತರಿ ಬೆಲೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು.

ಈ ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಉಫುವೆ ಬುವಾನಿ ಅವರ ಆಳ್ವಿಕೆಯಲ್ಲಿ, ಜಮೀನು ಅದನ್ನು ಸಾಗುವಳಿ ಮಾಡಿದವರಿಗೆ ಸೇರಿದ್ದು ಎಂಬುದು ಘೋಷಿತ ನೀತಿಯಾಗಿತ್ತು. ಇಂದಿನ ಬುರ್ಕಿನಾ ಫಾಸೊ, ಮಾಲಿ ದೇಶಗಳಿಂದಲೂ ದೇಶದೊಳಗಿನ ಉತ್ತರ ಭಾಗದಿಂದಲೂ ಲಕ್ಷಾಂತರ ಮಂದಿ ನೈರುತ್ಯದ ಕಾಡಿಗೆ ಬಂದು, ಊರಿನ ಹಿರಿಯರಿಗೆ ಕಾಣಿಕೆ ಕೊಟ್ಟು, ಬಾಯಿಮಾತಿನ ಮೇಲೆ ಜಮೀನು ಪಡೆದು ಕೊಕ್ಕೋ ಬೆಳೆದರು. 1998ರ ಜನಗಣತಿಯ ವೇಳೆಗೆ ಜನಸಂಖ್ಯೆಯ ಸುಮಾರು ಶೇ. 26ರಷ್ಟು ಮಂದಿ ವಿದೇಶೀಯರೆಂದು ಲೆಕ್ಕಕ್ಕೆ ಸಿಕ್ಕಿದರು. ಕೊಕ್ಕೋ ಬೆಲೆ ಏರುತ್ತಿದ್ದಷ್ಟು ಕಾಲ ಯಾರೂ ಕಾಗದ ಕೇಳಲಿಲ್ಲ. ಬೆಲೆ ಬಿದ್ದು, ಅಬಿಜಾನ್‌ನಲ್ಲಿ ಕೆಲಸ ಸಿಗದೆ ಊರಿಗೆ ಮರಳಿದ ಯುವಕರು ಅಪ್ಪಂದಿರ ಕಾಲದಲ್ಲೇ ಜಮೀನು ಪರರ ಪಾಲಾಗಿದ್ದನ್ನು ಕಂಡರು. ಸಾಗುವಳಿದಾರನ ಬಳಿ ಪತ್ರವಿಲ್ಲ, ಹಿರಿಯರ ಮಾತಿಗೆ ಸಾಕ್ಷಿಯಿಲ್ಲ. 1999ರಲ್ಲಿ ತಾಬು ಎಂಬ ಪ್ರದೇಶದಿಂದ ಸಾವಿರಾರು ಬುರ್ಕಿನಾ ಮೂಲದ ಕೃಷಿಕರನ್ನು ಹೊರದಬ್ಬಲಾಯಿತು. ಇದೇ ಸಿಟ್ಟನ್ನು ಅಬಿಜಾನ್‌ನ ರಾಜಕಾರಣಿಗಳು ಪೌರತ್ವದ ಪ್ರಶ್ನೆಯಾಗಿ ತಿರುಗಿಸಿದರು. ಕೋನೆ, ತ್ರಾವೊರೆ, ಉವತಾರಾ ಮುಂತಾದ ಕುಲನಾಮಗಳು ಗಡಿಯ ಆಚೆಯೂ ಈಚೆಯೂ ಇರುವುದರಿಂದ, ಐವರಿ ಕೋಸ್ಟಿನಲ್ಲೇ ಹುಟ್ಟಿ ಬೆಳೆದ ಉತ್ತರದವರನ್ನೂ ರಸ್ತೆಯ ತಪಾಸಣಾ ಠಾಣೆಗಳಲ್ಲಿ ತಡೆದು, ಹೆಸರು ನೋಡಿ, ಗುರುತಿನ ಚೀಟಿಯನ್ನು ಹರಿದುಹಾಕುವುದು ನಡೆಯಿತು. ವಿಪರ್ಯಾಸವೆಂದರೆ ವಿದೇಶೀಯರಿಗೆ ವಾಸದ ಪರವಾನಗಿ ಚೀಟಿಯನ್ನು ಕಡ್ಡಾಯ ಮಾಡಿದ್ದು 1990ರ ದಶಕದ ಆರಂಭದಲ್ಲಿ ಪ್ರಧಾನಿಯಾಗಿದ್ದ ಇದೇ ಉವತಾರಾ.

ಇಷ್ಟು ಬರೆದ ಮೇಲೆ ನಿಮ್ಮ ಹಾಳೆಯನ್ನು ನೋಡಿ. ಉತ್ತರದ ಮುಸ್ಲಿಮರು, ದಕ್ಷಿಣದ ಕ್ರೈಸ್ತರು ಎಂಬ ವಿವರಣೆ ಅದರಲ್ಲಿ ಎಲ್ಲಿ ಬರುತ್ತದೆ? ಕೆಳತುದಿಯಲ್ಲಿ ಇಲ್ಲ, ನಡುವಿನಲ್ಲಿ ಬಂದಿದೆ. ಅದೂ ತಾನಾಗಿ ಬಂದದ್ದಲ್ಲ, ಚುನಾವಣೆಯ ಲೆಕ್ಕಾಚಾರದವರು ತಂದಿಟ್ಟದ್ದು.

ನೆರೆಯ ದೇಶವನ್ನು ಪಕ್ಕದಲ್ಲಿಡಿ

ಕಾರಣವೆಂದು ಗುರುತಿಸಿದ ಪ್ರತಿಯೊಂದನ್ನೂ ಯುದ್ಧ ನಡೆಯದ ನೆರೆದೇಶದ ಎದುರು ಪರೀಕ್ಷಿಸದೆ ಪ್ರಬಂಧಕ್ಕೆ ಸೇರಿಸಬೇಡಿ. ಐವರಿ ಕೋಸ್ಟಿಗೆ ತಕ್ಕ ನೆರೆದೇಶ ಘಾನಾ. ಅಲ್ಲೂ ಕೊಕ್ಕೋ, ಅಲ್ಲೂ ಉತ್ತರದಲ್ಲಿ ಮುಸ್ಲಿಮರು ಹೆಚ್ಚು, ಅಲ್ಲೂ ವಲಸಿಗರು. 1969ರಲ್ಲಿ ಘಾನಾ ಕಾಗದಪತ್ರವಿಲ್ಲದ ವಿದೇಶೀಯರನ್ನು ಸಾರಾಸಗಟಾಗಿ ಹೊರಹಾಕಿತ್ತು. 1983ರ ಆರ್ಥಿಕ ಕುಸಿತವಂತೂ ಐವರಿ ಕೋಸ್ಟ್ ಕಂಡದ್ದಕ್ಕಿಂತ ಕ್ರೂರ. ಅದೇ ವರ್ಷ ನೈಜೀರಿಯಾ ಸುಮಾರು ಹತ್ತು ಲಕ್ಷ ಘಾನಿಯರನ್ನು ತನ್ನ ನೆಲದಿಂದ ಓಡಿಸಿತು. 1994ರಲ್ಲಿ ಘಾನಾದ ಉತ್ತರ ಭಾಗದ ಜನಾಂಗಗಳ ನಡುವಿನ ಜಮೀನು ಮತ್ತು ಮುಖಂಡಿಕೆಯ ಜಗಳದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟಾದರೂ ಸೇನೆ ಒಡೆಯಲಿಲ್ಲ, ಯಾವ ಪಕ್ಷವೂ ಆ ಜಗಳವನ್ನು ರಾಜಧಾನಿ ಅಕ್ರಾದ ಗದ್ದುಗೆಗೆ ಮೆಟ್ಟಿಲು ಮಾಡಿಕೊಳ್ಳಲಿಲ್ಲ, ಅಂತರ್ಯುದ್ಧ ನಡೆಯಲಿಲ್ಲ. ಹಾಗಾದರೆ ಬಡತನ, ಧರ್ಮ, ವಲಸೆ ಇವು ಮೂರೂ ಒಟ್ಟಾಗಿಯೂ ಐವರಿ ಕೋಸ್ಟಿನ ಯುದ್ಧವನ್ನು ಪೂರ್ತಿ ವಿವರಿಸುವುದಿಲ್ಲ ಎಂದಾಯಿತು. ಉಳಿಯುವುದು ಏನೆಂದರೆ, ಕಾನೂನಿನ ಮೂಲಕವೇ ದೊಡ್ಡದೊಂದು ಜನಭಾಗವನ್ನು ಅಧಿಕಾರದಿಂದ ಹೊರಗಿಟ್ಟದ್ದು ಮತ್ತು ಸೇನೆಯೇ ಪಂಗಡಗಳಾಗಿ ಸೀಳಿದ್ದು.

ಜಮೀನಿನ ಪ್ರಶ್ನೆಗೆ ಇನ್ನೊಂದು ಹೋಲಿಕೆ ನಮ್ಮ ಜಿಲ್ಲೆಯಲ್ಲೇ ಇದೆ. ದೂರದ ದೇಶದ ವಿಷಯ ಬರೆಯುವವರು ಅದನ್ನು ಮರೆಯುತ್ತಾರೆಂಬ ಕಾರಣಕ್ಕೆ ಇಲ್ಲಿ ಹೇಳುತ್ತೇನೆ. ಉಳುವವನೇ ಹೊಲದೊಡೆಯ ಎಂಬ ತತ್ವ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಜಾರಿಗೆ ಬಂದದ್ದು ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿಯಿಂದ, 1974ರಲ್ಲಿ. ಚಾಲಗೇಣಿ (ವರ್ಷದಿಂದ ವರ್ಷಕ್ಕೆ ನವೀಕರಿಸುವ ಗೇಣಿ) ಒಕ್ಕಲುಗಳು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು, ತಾಲೂಕು ಭೂ ನ್ಯಾಯಮಂಡಳಿಯ ಎದುರು ಧಣಿಗಳೂ ಒಕ್ಕಲುಗಳೂ ನಿಂತರು, ಒಪ್ಪದವರು ಹೈಕೋರ್ಟಿಗೆ ಹೋದರು. ಭೂಮಿ ಕಳೆದುಕೊಂಡ ಮನೆಗಳಲ್ಲಿ ಆ ಕಹಿ ಇಂದಿಗೂ ಮಾತಿಗೆ ಬರುತ್ತದೆ. ಕೆಲವು ವ್ಯಾಜ್ಯಗಳು ಎರಡು ತಲೆಮಾರು ನಡೆದಿವೆ. ಆದರೂ ಜಗಳದ ಕಣ ನ್ಯಾಯಮಂಡಳಿಯ ಕೊಠಡಿಯಾಗಿತ್ತು, ಗೆದ್ದವನ ಕೈಗೆ ಪಹಣಿ ಬಂತು, ಆ ಪಹಣಿಯನ್ನು ಮುಂದೆ ಬಂದ ಸರ್ಕಾರಗಳೂ ಗೌರವಿಸಿದವು. ಐವರಿ ಕೋಸ್ಟಿನಲ್ಲಿ ಇದ್ದದ್ದು ಅಧ್ಯಕ್ಷರ ಮಾತು ಮಾತ್ರ. ಅವರು ಸತ್ತ ದಿನದಿಂದ ಆ ಮಾತಿನ ಬೆಲೆಯೂ ಕರಗತೊಡಗಿತು. ಹೀಗೆಂದು ಬರೆಯುವಾಗ ನಮ್ಮವರು ಜಾಣರು, ಅವರು ದಡ್ಡರು ಎಂಬ ಧ್ವನಿ ಬಾರದಂತೆ ಎಚ್ಚರ ವಹಿಸಬೇಕು. ವ್ಯತ್ಯಾಸ ಇರುವುದು ಜನರ ಸ್ವಭಾವದಲ್ಲಲ್ಲ, ದಾಖಲೆ ಕೊಡುವ ಮತ್ತು ದಾಖಲೆಯನ್ನು ಕಾಯುವ ಸಂಸ್ಥೆಗಳಲ್ಲಿ.

ದುಡ್ಡು ಬಂದ ದಾರಿ

ಅಸಮಾಧಾನ ಎಷ್ಟೇ ಇದ್ದರೂ ಬಂಡುಕೋರರ ಪಡೆಗೆ ಅನ್ನ, ಮದ್ದುಗುಂಡು, ಡೀಸೆಲ್ ಬೇಕು. ಅದು ಎಲ್ಲಿಂದ ಬಂತು ಎಂಬುದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ. ಐವರಿ ಕೋಸ್ಟಿನ ಬಂಡುಕೋರರ ಕೈಯಲ್ಲಿದ್ದ ಉತ್ತರ ಭಾಗ ಹತ್ತಿ ಮತ್ತು ಗೇರು ಬೆಳೆಯುವ ಪ್ರದೇಶ. ಕೊರೊಗೊ, ಬುವಾಕೆ ಸುತ್ತಲಿನ ಲಾರಿಗಳಿಂದ ವಲಯ ಕಮಾಂಡರುಗಳು ಸುಂಕ ಎತ್ತುತ್ತಿದ್ದರು. ಬಹಳಷ್ಟು ಸರಕು ನೆರೆಯ ದೇಶಗಳ ಮೂಲಕವೂ ಸಾಗುತ್ತಿತ್ತು. ಆ ವರ್ಷಗಳಲ್ಲಿ ಐವರಿ ಕೋಸ್ಟಿನ ಕಚ್ಚಾ ಗೇರುಬೀಜದ ದೊಡ್ಡ ಗಿರಾಕಿ ಭಾರತವೇ ಆಗಿತ್ತು. ದೂರದ ಯುದ್ಧಕ್ಕೂ ನಮಗೂ ಸಂಬಂಧವಿಲ್ಲ ಎನ್ನುವವರಿಗೆ ಈ ಒಂದು ಸಂಗತಿ ಸಾಕು.

ಇಲ್ಲಿ ವಿದ್ಯಾರ್ಥಿಗಳು ಇನ್ನೊಂದು ಅತಿಗೆ ಹೋಗುವುದುಂಟು: ಯುದ್ಧವೆಲ್ಲ ವಜ್ರ, ಚಿನ್ನ, ತೈಲದ ಆಸೆಯಿಂದಲೇ ಎನ್ನುವುದು. ಸಂಪತ್ತು ನೆಲದಲ್ಲಿದ್ದರೆ ಸಾಲದು, ಅದನ್ನು ಯಾರು ತೆಗೆಯಬಹುದು ಎಂಬುದು ಮುಖ್ಯ. ಸಿಯೆರಾ ಲಿಯೋನ್‌ನಲ್ಲಿ ವಜ್ರ ಸಿಗುವುದು ಹೊಳೆಯ ಜಲ್ಲಿಯಲ್ಲಿ; ಗುದ್ದಲಿ, ಜರಡಿ ಇದ್ದ ಯಾವ ಗುಂಪು ಬೇಕಾದರೂ ತೆಗೆಯಬಹುದು. ಬೋಟ್ಸ್ವಾನಾದಲ್ಲಿ ಸಿಗುವುದು ಆಳದ ಗಣಿಯಲ್ಲಿ. ಅದಕ್ಕೆ ಯಂತ್ರ, ಬಂಡವಾಳ, ಸರ್ಕಾರದ ಗುತ್ತಿಗೆ ಬೇಕು. ನೇತ್ರಾವತಿಯ ಮರಳಿಗೂ ಪಾದೂರಿನ ನೆಲದಡಿಯ ಕಚ್ಚಾತೈಲದ ಸಂಗ್ರಹಾಗಾರಕ್ಕೂ ಇರುವ ವ್ಯತ್ಯಾಸ ಇದು: ಮೊದಲನೆಯದನ್ನು ರಾತ್ರೋರಾತ್ರಿ ದೋಣಿ ತುಂಬಿಸಿ ಸಾಗಿಸುವವರಿದ್ದಾರೆ, ಎರಡನೆಯದರಿಂದ ಒಂದು ಲೋಟ ಎಣ್ಣೆ ತೆಗೆಯಲೂ ಯಾರಿಂದಲೂ ಆಗದು. ಸಿಯೆರಾ ಲಿಯೋನ್ 1991ರಿಂದ 2002ರವರೆಗೆ ಹೊತ್ತಿ ಉರಿಯಿತು, ಬೋಟ್ಸ್ವಾನಾ ಅಂತರ್ಯುದ್ಧವನ್ನೇ ಕಾಣಲಿಲ್ಲ. ಹೀಗಿದ್ದರೂ ಸಿಯೆರಾ ಲಿಯೋನ್‌ನ ಯುದ್ಧವನ್ನು ವಜ್ರವೇ ಆರಂಭಿಸಿತು ಎನ್ನಲಾಗದು. ಏಕಪಕ್ಷದ ಆಳ್ವಿಕೆಯಲ್ಲಿ ಶಾಲೆ, ರಸ್ತೆ, ಸಂಬಳ ಎಲ್ಲವೂ ಕುಸಿದು, ಭವಿಷ್ಯವೇ ಇಲ್ಲದ ಯುವಕರ ದೊಡ್ಡ ಪಡೆ ಮೊದಲೇ ತಯಾರಾಗಿತ್ತು. ವಜ್ರ ಆ ಯುದ್ಧವನ್ನು ಹನ್ನೊಂದು ವರ್ಷ ಎಳೆಯಿತು. ಆರಂಭದ ಕಾರಣ ಬೇರೆ, ಮುಂದುವರಿಕೆಯ ಕಾರಣ ಬೇರೆ ಎಂಬ ಈ ಭೇದವನ್ನು ಪ್ರಬಂಧದುದ್ದಕ್ಕೂ ಕಾಪಾಡಿಕೊಳ್ಳಿ.

ಬಂದೂಕು ಯಾರ ಕೈಯಲ್ಲಿತ್ತು

ಸರ್ಕಾರದ ಬಲವನ್ನು ಅಳೆಯುವುದು ಸೈನಿಕರ ಸಂಖ್ಯೆಯಿಂದಲ್ಲ. ನೇಪಾಳದಲ್ಲಿ ಮಾವೋವಾದಿಗಳು 40 ಬೇಡಿಕೆಗಳ ಪಟ್ಟಿ ಕೊಟ್ಟು, 1996ರ ಫೆಬ್ರವರಿ 13ರಂದು ರೋಲ್ಪಾ, ರುಕುಮ್ ಮುಂತಾದ ಗುಡ್ಡಗಾಡು ಜಿಲ್ಲೆಗಳಲ್ಲಿ ದಾಳಿ ಆರಂಭಿಸಿದರು. ಅದರ ಹಿಂದಿನ ವರ್ಷವೇ ರೋಲ್ಪಾದಲ್ಲಿ ಪೊಲೀಸರು ನಡೆಸಿದ ಕಾರ್ಯಾಚರಣೆ ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ಬೇರೆ ಮಾಡದೆ ಹೊಡೆದಿತ್ತು. ಸೇನೆ ಅರಮನೆಯ ಹಿಡಿತದಲ್ಲಿತ್ತು, ಚುನಾಯಿತ ಸರ್ಕಾರದ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಅದು ರಣರಂಗಕ್ಕೆ ಇಳಿದದ್ದು 2001ರ ನವೆಂಬರಿನಲ್ಲಿ. ಅಷ್ಟರಲ್ಲಿ ಮಾವೋವಾದಿಗಳಿಗೆ ಸುಮಾರು ಐದೂಮುಕ್ಕಾಲು ವರ್ಷಗಳ ಬಿಡುವು ಸಿಕ್ಕಿತ್ತು. ದುರ್ಬಲ ಸರ್ಕಾರವೆಂದರೆ ಹೊಡೆಯಲಾಗದ ಸರ್ಕಾರವಲ್ಲ, ಯಾರನ್ನು ಹೊಡೆಯಬೇಕೆಂದು ತಿಳಿಯದೆ ಎಲ್ಲರನ್ನೂ ಹೊಡೆಯುವ ಸರ್ಕಾರ. ಉಡುಪಿ, ಮಣಿಪಾಲದ ಹೋಟೆಲುಗಳಲ್ಲಿ ದುಡಿಯುವ ನೇಪಾಳಿಗರನ್ನು ಮಾತಾಡಿಸಿದರೆ ಆ ಕಾಲದ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದನ್ನಾದರೂ ಹೇಳುವವರು ಸಿಗಬಹುದು.

ಸುಡಾನಿನದು ಇದಕ್ಕೆ ವ್ಯತಿರಿಕ್ತ ಕಥೆ. ಅಲ್ಲಿ ಸರ್ಕಾರವೇ ಎರಡನೇ ಸೇನೆಯನ್ನು ಸಾಕಿತು. 2003ರಿಂದ ಪಶ್ಚಿಮ ಭಾಗದ ದಾರ್ಫುರ್ ಬಂಡಾಯವನ್ನು ತುಳಿಯಲು ಬಳಸಿದ ಜಂಜಾವೀದ್ ಪಡೆಗಳಿಂದ 2013ರಲ್ಲಿ ಕ್ಷಿಪ್ರ ಬೆಂಬಲ ಪಡೆ ರೂಪುಗೊಂಡಿತು, 2017ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು, ಚಿನ್ನದ ಗಣಿಗಳಿಂದ ಅದರ ನಾಯಕ ಹೆಮೆದ್ತಿಗೆ ಸ್ವಂತ ಆದಾಯವೂ ಬಂತು. 2019ರಲ್ಲಿ ಅಧ್ಯಕ್ಷ ಬಶೀರ್ ಅವರನ್ನು ಇಳಿಸುವಾಗ, 2021ರಲ್ಲಿ ನಾಗರಿಕ ಸರ್ಕಾರವನ್ನು ಉರುಳಿಸುವಾಗ ಸೇನೆ ಮತ್ತು ಈ ಪಡೆ ಒಟ್ಟಿಗಿದ್ದವು. ಕ್ಷಿಪ್ರ ಬೆಂಬಲ ಪಡೆ ಸೇನೆಯಲ್ಲಿ ಎಷ್ಟು ವರ್ಷಗಳಲ್ಲಿ ವಿಲೀನವಾಗಬೇಕು ಎಂಬ ಪ್ರಶ್ನೆ ಬಂದಾಗ ಸೇನೆ 2 ವರ್ಷ ಎಂದಿತು, ಹೆಮೆದ್ತಿ ಕಡೆಯವರು 10 ವರ್ಷ ಎಂದರು. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಗುಂಡು ಹಾರಿತು. ಇದನ್ನು ಅರಬರು ಮತ್ತು ಆಫ್ರಿಕನ್ನರ ಯುದ್ಧವೆಂದು ಬರೆಯುವವರು ದಾರ್ಫುರಿನಲ್ಲಿ ನಡೆದ ಜನಾಂಗೀಯ ಕೊಲೆಗಳನ್ನು ನೋಡಿ ಹಾಗೆ ಬರೆಯುತ್ತಾರೆ; ಆ ಕೊಲೆಗಳು ನಿಜ, ಆದರೆ ರಾಜಧಾನಿಯಲ್ಲಿ ಯುದ್ಧ ಹತ್ತಿಸಿದ್ದು ಸೇನೆಯ ಮುಖ್ಯಸ್ಥ ಮತ್ತು ಹೆಮೆದ್ತಿ ಎಂಬ ಇಬ್ಬರು ಸೇನಾನಿಗಳ ಪೈಪೋಟಿ.

ಮುರಿದ ಮಾತುಗಳ ಪಟ್ಟಿ

ಎರಡೂ ಕಡೆಯವರಿಗೆ ಯುದ್ಧದಿಂದ ನಷ್ಟವೇ ಆಗುವಾಗ ರಾಜಿ ಯಾಕೆ ಆಗುವುದಿಲ್ಲ? ಇದನ್ನು ಅನೇಕ ಪ್ರಬಂಧಗಳು ಕೇಳುವುದೇ ಇಲ್ಲ. ಉತ್ತರ ಬಹಳ ಸಲ ಹಿಂದಿನ ರಾಜಿಗಳ ಗತಿಯಲ್ಲಿರುತ್ತದೆ. ಶ್ರೀಲಂಕಾದಲ್ಲಿ 1956ರ ಸಿಂಹಳ ಮಾತ್ರ ಕಾಯ್ದೆಯ ಬಳಿಕ, 1957ರಲ್ಲಿ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ಪ್ರಾದೇಶಿಕ ಮಂಡಳಿಗಳ ಬಗ್ಗೆ ಒಪ್ಪಂದ ಮಾಡಿಕೊಂಡರು. ಪ್ರತಿಭಟನೆಗೆ ಮಣಿದು ಪ್ರಧಾನಿ ಮರುವರ್ಷವೇ ಅದನ್ನು ರದ್ದು ಮಾಡಿದರು. 1965ರಲ್ಲಿ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಕಂ ಜೊತೆ ಮಾಡಿಕೊಂಡ ಒಪ್ಪಂದವೂ ಜಾರಿಯಾಗಲಿಲ್ಲ. 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳನ್ನು ಸಮೀಕರಿಸುವ ಪದ್ಧತಿ ಬಂದು ಜಾಫ್ನಾದ ವಿದ್ಯಾವಂತ ಯುವಕರ ಬಾಗಿಲು ಕಿರಿದಾಯಿತು, 1981ರಲ್ಲಿ ಜಾಫ್ನಾ ಗ್ರಂಥಾಲಯವನ್ನು ಸುಡಲಾಯಿತು. 1983ರ ಜುಲೈನಲ್ಲಿ 13 ಸೈನಿಕರ ಹತ್ಯೆ, ಅದರ ಬೆನ್ನಿಗೆ ಕೊಲಂಬೊದ ತಮಿಳರ ಮೇಲೆ ನಡೆದ ಹಿಂಸೆ ಎಲ್ಲರಿಗೂ ಗೊತ್ತು. ಆದರೆ ಹಿರಿಯ ನಾಯಕರ ಸಂಧಾನದ ದಾರಿಯನ್ನು ಯುವಕರು ನಂಬದೇ ಹೋದದ್ದಕ್ಕೆ ಕಾರಣ 1957 ಮತ್ತು 1965ರ ಕಾಗದಗಳಲ್ಲಿದೆ. ಕೊಲಂಬಿಯಾದಲ್ಲೂ 1980ರ ದಶಕದ ಶಾಂತಿ ಮಾತುಕತೆಯಿಂದ ಹುಟ್ಟಿದ ದೇಶಪ್ರೇಮಿ ಒಕ್ಕೂಟ ಎಂಬ ಎಡಪಕ್ಷದ ಸಾವಿರಾರು ಮಂದಿಯನ್ನು ಕೊಲ್ಲಲಾಯಿತು. ಆಮೇಲೆ ಕಾಡಿನಲ್ಲಿದ್ದವರು ಬಂದೂಕು ಕೆಳಗಿಡಲು ದಶಕಗಳೇ ಬೇಕಾದವು.

ಹೊರದೇಶಗಳ ಪಾತ್ರವನ್ನೂ ಸೇರಿಸಿ, ಆದರೆ ಒಂದು ಪ್ಯಾರಾ ಸಾಕು. ಐವರಿ ಕೋಸ್ಟಿನ ಬಂಡುಕೋರರಿಗೆ ಬುರ್ಕಿನಾ ಫಾಸೊ ಆಶ್ರಯ ಕೊಟ್ಟಿತ್ತು, ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ಲೈಬೀರಿಯಾದ ಚಾರ್ಲ್ಸ್ ಟೇಲರ್ ಬೆಂಬಲವಿತ್ತು, ಲಂಕೆಯ ತಮಿಳು ಗುಂಪುಗಳಿಗೆ 1983ರ ನಂತರ ಭಾರತವೇ ತರಬೇತಿ ಕೊಟ್ಟಿತು. ಹೊರಗಿನವರು ಒಳಗಿನ ಬಿರುಕನ್ನು ಬಳಸಿಕೊಳ್ಳುತ್ತಾರೆ. ಬಿರುಕೇ ಇಲ್ಲದ ಕಡೆ ಅವರ ಆಟ ನಡೆಯುವುದು ಅಪರೂಪ. ಎಲ್ಲದಕ್ಕೂ ವಿದೇಶಿ ಕೈವಾಡ ಎನ್ನುವುದು ಯುದ್ಧ ಮಾಡುತ್ತಿರುವ ಸರ್ಕಾರಗಳಿಗೆ ಪ್ರಿಯವಾದ ವಿವರಣೆಯಾದ್ದರಿಂದ ಅದನ್ನು ಇನ್ನಷ್ಟು ಅನುಮಾನದಿಂದ ನೋಡಬೇಕು.

ಅಂಕಿಅಂಶಗಳನ್ನು ಬಳಸುವಾಗ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಲಾ ಆದಾಯವನ್ನು ಗಣನೆಗೆ ತೆಗೆದುಕೊಂಡ ಮೇಲೆ ಜನಾಂಗೀಯ ಅಥವಾ ಧಾರ್ಮಿಕ ವೈವಿಧ್ಯ ಹೆಚ್ಚಿರುವ ದೇಶಗಳಲ್ಲಿ ಯುದ್ಧದ ಸಾಧ್ಯತೆ ಹೆಚ್ಚಿಲ್ಲ. ಬಡತನ, ರಾಜಕೀಯ ಅಸ್ಥಿರತೆ, ಗುಡ್ಡಗಾಡು ಪ್ರದೇಶ, ದೊಡ್ಡ ಜನಸಂಖ್ಯೆ ಇರುವಲ್ಲಿ ಹೆಚ್ಚು. ಆ ಬಳಿಕ ಆಂಡ್ರಿಯಾಸ್ ವಿಮ್ಮರ್, ಲಾರ್ಸ್ ಎರಿಕ್ ಸೆಡರ್‌ಮನ್ ಮೊದಲಾದವರು, ಎಷ್ಟು ಜನಾಂಗಗಳಿವೆ ಎಂದು ಎಣಿಸುವುದಕ್ಕಿಂತ ಅಧಿಕಾರದಿಂದ ಯಾವ ಜನಾಂಗವನ್ನು ಹೊರಗಿಡಲಾಗಿದೆ ಎಂದು ಎಣಿಸಬೇಕೆಂದು ತೋರಿಸಿಕೊಟ್ಟರು. ಎರಡನ್ನೂ ಓದಿ. ನನ್ನ ಅಭಿಪ್ರಾಯದಲ್ಲಿ ಎರಡನೆಯವರ ಅಳತೆಗೋಲು ಐವರಿ ಕೋಸ್ಟಿಗೂ ಶ್ರೀಲಂಕಾಕ್ಕೂ ಹೆಚ್ಚು ಹೊಂದುತ್ತದೆ, ನೇಪಾಳಕ್ಕೆ ಮೊದಲಿನವರದು. ಆದರೆ ಈ ಅಧ್ಯಯನಗಳು ಹೇಳುವುದು ಸಾಧ್ಯತೆಯನ್ನು. ನಿಮ್ಮ ಒಂದು ಯುದ್ಧ ಯಾಕೆ ನಡೆಯಿತು ಎಂಬುದನ್ನು ಅವು ಹೇಳಲಾರವು.

ಬರಗಾಲದ ವಾದಕ್ಕೂ ಇದೇ ಎಚ್ಚರ ಬೇಕು. 2006ರ ನಂತರದ ಬರ ಸಿರಿಯಾದ ಈಶಾನ್ಯದ ರೈತರನ್ನು ಊರು ಬಿಡಿಸಿದ್ದು ನಿಜ. ಬರ ಗಡಿ ನೋಡಿ ಬರುವುದಿಲ್ಲ, ಅದು ನೆರೆಯ ದೇಶಗಳಿಗೂ ತಟ್ಟಿತ್ತು. ಅಲ್ಲೆಲ್ಲ ನಡೆಯದ್ದು ಸಿರಿಯಾದಲ್ಲಿ ಮಾತ್ರ ನಡೆಯಲು, 2011ರ ಮಾರ್ಚಿನಲ್ಲಿ ದರಾ ಪಟ್ಟಣದಲ್ಲಿ ಗೋಡೆಬರಹ ಬರೆದ ಹುಡುಗರನ್ನು ಹಿಡಿದು ಹಿಂಸಿಸಿ, ಕೇಳಲು ಬಂದ ಜನರ ಮೇಲೆ ಗುಂಡು ಹಾರಿಸಿದ ಆಡಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾತಾಡಿಸುವಾಗ, ಬರೆಯುವಾಗ

ವಿಶ್ವಸಂಸ್ಥೆಯ ತಜ್ಞರ ಸಮಿತಿಗಳ ವರದಿಗಳು, ಸತ್ಯ ಮತ್ತು ಸಂಧಾನ ಆಯೋಗಗಳ ವರದಿಗಳು ಉಚಿತವಾಗಿ ಸಿಗುತ್ತವೆ. ಸುಂಕ, ಆಯುಧ, ಕಮಾಂಡರುಗಳ ವಿವರಕ್ಕೆ ಅವುಗಳಷ್ಟು ಉಪಯುಕ್ತವಾದುದು ಬೇರೆಯಿಲ್ಲ. ಅವುಗಳ ಜೊತೆಗೆ ಗೇರುಬೀಜದ ಖರೀದಿಗಾಗಿ ಆಫ್ರಿಕಾಕ್ಕೆ ಹೋಗಿಬಂದವರನ್ನು, 2015ರಲ್ಲಿ ಯೆಮೆನ್ನಿನಿಂದ ಮರಳಿದವರನ್ನು ಹುಡುಕಿ ಮಾತಾಡಿಸಿ. ಯುದ್ಧ ಯಾಕೆ ಆಯಿತು ಎಂದು ಅವರನ್ನು ಕೇಳಬೇಡಿ; ಆ ಪ್ರಶ್ನೆಗೆ ಅವರೂ ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ಬುವಾಕೆಯಿಂದ ಅಬಿಜಾನ್ ಬಂದರಿಗೆ ಬರುವಷ್ಟರಲ್ಲಿ ಲಾರಿಯನ್ನು ಎಷ್ಟು ಕಡೆ ನಿಲ್ಲಿಸುತ್ತಿದ್ದರು, ಹಣ ತೆಗೆದುಕೊಂಡವರು ಸಮವಸ್ತ್ರದಲ್ಲಿದ್ದರೇ, ರಸೀದಿ ಕೊಟ್ಟರೇ, ಚಾಲಕನ ಗುರುತಿನ ಚೀಟಿ ನೋಡಿ ಏನು ಕೇಳುತ್ತಿದ್ದರು, ಆ ವರ್ಷ ರೈತನಿಗೆ ಕಿಲೋಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಇಂತಹ ಉತ್ತರಗಳನ್ನು ವರದಿಗಳೊಂದಿಗೆ ತಾಳೆ ನೋಡಬಹುದು.

ಬರೆಯುವಾಗ ಪ್ರತಿ ಕಾರಣದ ಎದುರು ಮೂರು ಸಂಗತಿಗಳನ್ನು ನಮೂದಿಸಿಕೊಂಡರೆ ವಾದ ಸಡಿಲವಾಗುವುದಿಲ್ಲ: ಅದು ಯಾವ ವರ್ಷದಿಂದ ಇತ್ತು, ಅದನ್ನು ಯಾರು ಬಳಸಿಕೊಂಡರು, ನೆರೆದೇಶದಲ್ಲಿ ಅದು ಇದ್ದೂ ಯುದ್ಧವಾಗದಿದ್ದರೆ ಯಾಕೆ. ಉತ್ತರ ಸಿಗದ ಕಾರಣವನ್ನು ಬಿಟ್ಟುಬಿಡಿ, ಪ್ರಬಂಧ ಹತ್ತು ಪುಟಕ್ಕೆ ಇಳಿದರೂ ಚಿಂತೆಯಿಲ್ಲ. ಯುದ್ಧ ನಿಂತದ್ದು ಹೇಗೆ ಎಂಬುದನ್ನೂ ನೋಡಿ, ಏಕೆಂದರೆ ಮದ್ದು ರೋಗದ ಸುಳಿವು ಕೊಡುತ್ತದೆ: ಐವರಿ ಕೋಸ್ಟಿನಲ್ಲಿ 2007ರ ಉಗಾಡುಗು ಒಪ್ಪಂದದ ತಿರುಳಾಗಿದ್ದದ್ದು ಸೇನೆಗಳ ವಿಲೀನ ಮತ್ತು ಜನನ ಪತ್ರವಿಲ್ಲದವರಿಗೆ ಊರೂರಿಗೆ ಹೋಗಿ ದಾಖಲೆ ಕೊಡುವ ಸಂಚಾರಿ ನ್ಯಾಯಾಲಯಗಳು. ವಿಲೀನ ಅರ್ಧಕ್ಕೇ ನಿಂತಿತು, 2010ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಲೊರಾಂ ಬಾಗ್ಬೋ ಕುರ್ಚಿ ಬಿಡಲಿಲ್ಲ, ಮತ್ತೆ ಸುಮಾರು 3,000 ಮಂದಿ ಸತ್ತರು.

ಮಾತಾಡಿದವರ ಹೆಸರನ್ನೂ ಅವರು ದುಡಿಯುವ ಸಂಸ್ಥೆಯ ಹೆಸರನ್ನೂ ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬೇಡಿ. ಸುಂಕ ತೆತ್ತ ಊರು, ದಿನಾಂಕ, ಲಾರಿಯ ವಿವರ ಒಟ್ಟಿಗೆ ಸೇರಿದರೆ ಹೆಸರಿಲ್ಲದೆಯೂ ಗುರುತು ಸಿಗುತ್ತದೆ ಎಂಬುದನ್ನು ನೆನಪಿಡಿ. ಫೆಬ್ರವರಿಯಲ್ಲಿ ಅಲ್ಲಿ ಗೇರಿನ ಕೊಯ್ಲು ಆರಂಭವಾದಾಗ ಅವರು ಪುನಃ ಅದೇ ರಸ್ತೆಗಳಲ್ಲಿ ಓಡಾಡಬೇಕಾಗುತ್ತದೆ.